ಥರ್ಮಾಕೋಲ್ ಗೋಡೆಗೆ ದೀಪದ ಗೂಡು

ಗೂಡುಗಳಿಗೆ ಮಸಿ ಬಳಿಸಿದವಳು ನಾನೇ. ಪೇಂಟರ್ ಬೇಡವೆಂದಿದ್ದ. "ಒಸಾ ಮನೆಗೆ ಯಾಕೆ ಮೇಡಂ ಮಸಿ? ನೋಡ್ದೋರು ಏನಂದಾರು?" ಅಂದ. ನಾನು ಕೇಳುವ ಪೈಕಿಯೇ ಅಲ್ಲ. ಕಪ್ಪು ಬಣ್ಣವನ್ನು ನೀರಿನಷ್ಟು ತೆಳ್ಳಗೆ ಮಾಡಿಸಿ, ಸ್ಪಂಜಿನ ತುದಿಯಲ್ಲಿ ಅದ್ದಿ, ಗೂಡಿನ ಮೇಲಂಚಿನಿಂದ ಗೋಡೆಯ ಕಡೆಗೆ ಮೆಲ್ಲಗೆ ತೀಡಿಸಿದೆ. ಎಷ್ಟೋ ಕಾಲದಿಂದ ದೀಪ ಉರಿದು ಕಲ್ಲು ಕಪ್ಪಾದ ಹಾಗೆ ಕಾಣಬೇಕಿತ್ತು. ಹಾಗೇ ಕಂಡಿತು. ರಸ್ತೆಯ ಆಚೆ ಬದಿಗೆ ಹೋಗಿ ನಿಂತು ನೋಡಿ, ಭಲೇ ಅಂತ ನನಗೆ ನಾನೇ ಹೇಳಿಕೊಂಡೆ. ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ನಾನು ಮಾಡುವ ಕೆಲಸಕ್ಕೆ ನಮ್ಮ ಕಡೆ ಎಲಿವೇಷನ್ ಅನ್ನುತ್ತಾರೆ. ಮನೆ ಕಟ್ಟುವುದು ಮೇಸ್ತ್ರಿ, ಅದಕ್ಕೆ ಮುಖ ಮಾಡುವುದು ನಾನು. ಹುಣಸೂರಿನ ಹೊರಗೆ, ಪಿರಿಯಾಪಟ್ಟಣದ ರಸ್ತೆಯಲ್ಲಿ ನನ್ನದೊಂದು ತಗಡಿನ ಶೆಡ್ಡು ಇದೆ. ಅಲ್ಲಿ ಗಟ್ಟಿ ಜಾತಿಯ ಥರ್ಮಾಕೋಲ್ ದಿಮ್ಮಿಗಳನ್ನು ಕಾದ ತಂತಿಯಿಂದ ಕೊಯ್ದು ಕಂಬ, ಕಂಬದ ತಲೆಯ ಬೋದಿಗೆ, ಕಮಲದ ಅಂಚು ಮಾಡುತ್ತೇವೆ. ಗೋಡೆಗೆ ಅಂಟಿಸಿ, ಮೇಲೆ ಗಾಜಿನ ನಾರಿನ ಜಾಲರಿ ಸುತ್ತಿ, ತೆಳುವಾಗಿ ಸಿಮೆಂಟ್ ಕೋಟು ಎಳೆದು, ಕಲ್ಲಿನ ಪುಡಿ ಬೆರೆಸಿದ ಬಣ್ಣ ಚಿಮ್ಮಿಸಿದರೆ ಕಲ್ಲಿನ ಕಟ್ಟಡ ರೆಡಿ. ಒಬ್ಬನೇ ಹೆಗಲ ಮೇಲೆ ಹೊತ್ತುಕೊಂಡು ಹೋಗಬಹುದಾದ ಕಲ್ಲಿನ ಕಂಬ! ಕಾದ ತಂತಿ ಥರ್ಮಾಕೋಲಿನೊಳಗೆ ಹೇಗೆ ಇಳಿಯುತ್ತದೆ ಅನ್ನುವುದನ್ನು ದಿನಾ ಬೆಳಗ್ಗೆ ನೋಡುವವಳು ನಾನು. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ನಾನು ನೆನಪಿಟ್ಟುಕೊಳ್ಳಲಿಲ್ಲ.

ನಾನು ಮಸಿ ಬಳಿಸಿದ ಆ ಮನೆ ಹನಗೋಡಿನ ಕಡೆಯದು. ಯಜಮಾನರು ಹೊಗೆಸೊಪ್ಪು ಬೆಳೆಯುವವರು. ಹಳೆಯ ಮನೆಯ ಮೇಲೆ ಹೊಸದಾಗಿ ಮಹಡಿ ಎತ್ತಿ, ಮುಂದಕ್ಕೆ ಚಾಚಿದ ಬಾಲ್ಕನಿ ಕೊಟ್ಟಿದ್ದರು. ಮುಂಭಾಗ ಪೂರ್ತಿ ಕಲ್ಲಿನದಾಗಬೇಕೆಂಬುದು ಅವರ ಆಸೆ. ಮಗಳ ಮದುವೆ ಕೆ.ಆರ್. ನಗರದ ಕಡೆ ಗೊತ್ತಾಗಿತ್ತು. ಗೃಹಪ್ರವೇಶ ಕಾರ್ತಿಕದಲ್ಲಿ, ಅದಾದ ಮೇಲೆ ಮದುವೆ. ಬೀಗರ ಮನೆಯ ಮುಂದೆ ಕಲ್ಲಿನ ಕಂಬಗಳಿದ್ದವು, ಅದೇ ಇವರ ಕಣ್ಣಿಗೆ ಬಿದ್ದಿತ್ತು. ಆದರೆ ಇಂಜಿನಿಯರ್ ಬಾಲ್ಕನಿ ತೋರಿಸಿ, ಇದರ ಮೇಲೆ ಕಲ್ಲು ಹೊರಿಸಿದರೆ ನಾನು ಜವಾಬ್ದಾರನಲ್ಲ ಎಂದು ಕೈ ತೊಳೆದುಕೊಂಡರು. ಆಗ ನಾನು ಬಂದೆ.

"ಒಳಗೆ ಥರ್ಮಾಕೋಲ್ ಅಲ್ವಾ ಮೇಡಂ?" ಎಂದು ಯಜಮಾನರು ಅನುಮಾನದಲ್ಲೇ ಕೇಳಿದರು.

"ಒಳಗೆ ಏನಿದ್ರೇನಣ್ಣ? ಮೇಲೆ ಬರೋದು ಕಲ್ಲಿನ ಪುಡೀನೇ. ಕಲ್ಲಿನ ಹಾಗೇ ಇರುತ್ತೆ" ಅಂದೆ.

ಈ ಮಾತು ನಾನು ಎಲ್ಲರಿಗೂ ಹೇಳುವುದೇ. ಅವರು ಅದನ್ನು ಹಾಗೇ ನಂಬಿದರು. ನಂಬಿ ಬೀಗರ ಹತ್ತಿರ "ಎಚ್.ಡಿ. ಕೋಟೆ ಕಲ್ಲು ಹಾಕ್ಸ್ತಾ ಇವ್ನಿ" ಎಂದೂ ಹೇಳಿಬಿಟ್ಟರು.

ಕೆಲಸ ಮಾತ್ರ ಜೀವ ತೇಯ್ದು ಮಾಡಿದೆ. ಸುಳ್ಳು ಕಲ್ಲಿನ ಗುಟ್ಟು ರಟ್ಟಾಗುವುದು ಮೂಲೆಯಲ್ಲಿ. ನಿಜವಾದ ಕಲ್ಲಿಗೆ ದಪ್ಪವಿರುತ್ತದೆ, ಅದು ಮೂಲೆ ತಿರುಗಿದಾಗ ಇನ್ನೊಂದು ಬದಿಯಲ್ಲೂ ಕಾಣಬೇಕು. ಆದ್ದರಿಂದ ಮೂಲೆಯ ತುಂಡುಗಳನ್ನೆಲ್ಲ ಒಂದೇ ದಿಮ್ಮಿಯಲ್ಲಿ ಎರಡು ಮುಖ ಬರುವಂತೆ ಕೊಯ್ಯಿಸಿದೆ. ಒಂದರಂತೆ ಇನ್ನೊಂದು ಕಲ್ಲು ಇರಬಾರದೆಂದು ಉಳಿಯ ಗುರುತನ್ನು ಕೈಯಲ್ಲೇ ಹಾಕಿಸಿದೆ. ಬೂದು ಬಣ್ಣವನ್ನು ಹಲವು ಬಗೆಯಾಗಿ ಕಲಸಿ ಒಂದರ ಮೇಲೊಂದು ಚಿಮ್ಮಿಸಿದೆ. ಅಷ್ಟಾದರೂ ಬಾಗಿಲಿನ ಎರಡು ಬದಿಯ ದಪ್ಪ ಕಂಬಗಳು ಸಪ್ಪೆಯಾಗಿ ಕಾಣುತ್ತಿದ್ದವು. ಆಗ ಪಿರಿಯಾಪಟ್ಟಣದ ನಮ್ಮಜ್ಜಿಯ ಮನೆಯ ಬಾಗಿಲು ನೆನಪಾಯಿತು. ಎರಡು ಕಡೆ ಗೋಡೆಯಲ್ಲಿ ದೀಪದ ಗೂಡು, ಅದರ ನೆತ್ತಿಯಲ್ಲಿ ಮಸಿ. ಅದನ್ನೇ ಬರೆದೆ, ಅದನ್ನೇ ಕೊರೆಸಿದೆ. ಗೂಡು ನೆನಪಾಯಿತು, ಮಸಿ ನೆನಪಾಯಿತು, ಮಸಿ ಬಂದದ್ದು ಎಲ್ಲಿಂದ ಅನ್ನುವುದು ಮಾತ್ರ ಈ ತಲೆಗೆ ಹೊಳೆಯಲಿಲ್ಲ.

ಗೃಹಪ್ರವೇಶಕ್ಕೆ ಇನ್ನು ಹದಿನೈದು ದಿನವಿರಬಹುದು, ಕೊನೆಯ ಸಲ ಅಲ್ಲಿ ಇಲ್ಲಿ ಬಣ್ಣ ಮುಟ್ಟಿಸಲು ಹೋದೆ. ಹಿತ್ತಿಲಲ್ಲಿ ಬ್ಯಾರನ್ ಉರಿಯುತ್ತಿತ್ತು. ಹೊಗೆಸೊಪ್ಪು ಹದ ಮಾಡುವ ಎತ್ತರದ ಮನೆ ಅದು. ಒಲೆಯ ಬಾಯಿ ಹೊರಗಡೆ, ಒಳಗೆ ಬಿಸಿ. ಯಜಮಾನರು ಒಲೆಯ ಮುಂದೆ ಕಲ್ಲಿನ ಮೇಲೆ ಕೂತಿದ್ದರು. ಬಂದು ಗೋಡೆ ನೋಡಿ ಎಂದು ಕರೆದೆ.

"ಆಗಕಿಲ್ಲ ಮೇಡಂ. ಬೆಂಕಿ ಆಕ್ದೋನು ಎದ್ದೋಗಂಗಿಲ್ಲ. ನಮ್ಮಪ್ಪನ ಕಾಲ್ದಿಂದ್ಲೂ ಇದೇಯ. ಒಂದ್ಗಳಿಗೆ ಕಣ್ತಪ್ಪುದ್ರೆ ಸೊಪ್ಪೂ ಇಲ್ಲ, ಬ್ಯಾರನ್ನೂ ಇಲ್ಲ" ಅಂದರು.

ಮುಂಬಾಗಿಲಿನಲ್ಲಿ ಅವರ ಹೆಂಡತಿ ಒದ್ದೆ ಬಟ್ಟೆ ಹಿಡಿದು ಎಡಗಡೆಯ ಗೂಡನ್ನು ತಿಕ್ಕುತ್ತಿದ್ದರು. "ಮೇಡಮ್ಮಾರೆ, ನೀವು ಬಳ್ಸಿದ್ ಮಸಿ ಕೈಗೆಲ್ಲ ಬತ್ತಾ ಅದಲ್ಲ" ಎಂದು ಅಂಗೈ ತೋರಿಸಿದರು.

ನನ್ನ ಬಣ್ಣ ಕೈಗೆ ಬರುವಂಥದ್ದಲ್ಲ. ಬೆರಳಲ್ಲಿ ಒರೆಸಿ ಮೂಸಿದೆ. ಎಳ್ಳೆಣ್ಣೆಯ ವಾಸನೆ. ಗೂಡಿನ ನೆತ್ತಿ ಒತ್ತಿದೆ. ಸಿಮೆಂಟ್ ಕೋಟು ಹಪ್ಪಳದ ಹಾಗೆ ಒಳಕ್ಕೆ ಬಗ್ಗಿತು. ಅದರ ಹಿಂದೆ ಇರಬೇಕಾದ ಥರ್ಮಾಕೋಲ್ ಇರಲಿಲ್ಲ.

ಯಜಮಾನರ ತಾಯಿ, ಆ ಮನೆಯ ಅಜ್ಜಿ, ಜಗುಲಿಯ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದರು. "ನಾನೇ ಕಣವ್ವ ಅಚ್ಚಿದ್ದು. ನೆನ್ನೆ ಬೈಗಿನಲ್ಲಿ ಚಿಕ್ಕದೊಂದು ಮಡಗಿ ನೋಡ್ದೆ. ಏಟು ಚೆಂದಾಗಿ ಕಾಣ್ತಿತ್ತು ಅಂತೀಯೆ! ಮನೆ ತುಂಬೋ ದಿನ ಎಲ್ಡೂ ಕಡೆ ತುಂಬಾ ಎಣ್ಣೆ ಆಕಿ, ದೊಡ್ ಬತ್ತಿ ಮಡುಗ್ತೀನಿ. ನನ್ ಮೊಮ್ಮಗಳ ಕೈಲೇ ಅಚ್ಚುಸ್ತೀನಿ. ಎಂಥಾ ಗೂಡು ಮಾಡ್ಕೊಟ್ಟೆ ಮಗ, ಒಟ್ಟೆ ತಣ್ಣಗಿರ್ಲಿ."

ಹೊಟ್ಟೆ ತಣ್ಣಗಿರಲಿಲ್ಲ. ಆ ಕಂಬದಿಂದ ಮೇಲಿನ ಬಾಲ್ಕನಿಯವರೆಗೆ ಕಮಲದ ಅಂಚು, ಬೋದಿಗೆ, ಎಲ್ಲ ಒಂದಕ್ಕೊಂದು ಅಂಟಿದ ಥರ್ಮಾಕೋಲು. ಕೆಳಗೆ ಶಾಮಿಯಾನ ಬರುತ್ತದೆ. ಆ ಮನೆಗೆ ಇರುವುದು ಅದೊಂದೇ ದೊಡ್ಡ ಬಾಗಿಲು. ಅಂದು ಒಳಗೆ ನೆಂಟರು, ಮಕ್ಕಳು ಗಿಜಿಗುಟ್ಟುತ್ತಾರೆ. ಆ ಹುಡುಗಿ ರೇಷ್ಮೆ ಸೀರೆ ಉಟ್ಟು ಗೂಡಿನ ಮುಂದೆ ನಿಲ್ಲುತ್ತಾಳೆ.

ಆಗಲೇ ಬಾಯಿಬಿಟ್ಟಿದ್ದರೆ ಅರ್ಧ ಮಾನವಾದರೂ ಉಳಿಯುತ್ತಿತ್ತು. ನಾನೇನು ಮಾಡಿದೆ ಗೊತ್ತೆ? ಮಾರನೆಯ ದಿನ ದೀಪದ ಆಕಾರದ ಎರಡು ಪುಟ್ಟ ಎಲ್‌ಇಡಿ ಬಲ್ಬು ತಂದೆ. "ಈಗೆಲ್ಲ ಇದೇ ಅಜ್ಜಿ, ಎಣ್ಣೆ ದೀಪ ಇಟ್ರೆ ಕಲೆಯಾಗುತ್ತೆ" ಎಂದು ನಗುನಗುತ್ತ ಹೇಳಿದೆ.

ಯಜಮಾನರು ಗಟ್ಟಿಯಾಗಿ ನಕ್ಕರು. "ಏನ್ ಮೇಡಂ ನೀವು! ಕಲ್ಲಿಗೆ ಎಣ್ಣೆ ಬಿದ್ರೆ ಇನ್ನಾ ಒಳಪು ಬತ್ತದೆ. ಕಲ್ಲಿನಂಗೇ ಇರ್ತದೆ ಅಂತ ನೀವೇ ಯೋಳಿದ್ರಲ್ಲ?"

ನನ್ನ ಮಾತು ನನ್ನ ಕುತ್ತಿಗೆಗೇ ಬಂತು. ಅಜ್ಜಿ ಬಲ್ಬನ್ನು ಅಂಗೈಯಲ್ಲಿ ತಿರುಗಿಸಿ ನೋಡಿ, "ಇದೂ ಇರ್ಲಿ ಬುಡು, ದೀಪದ ಪಕ್ಕದಲ್ಲಿ ಮಡುಗುವಾ" ಅಂದರು. ಅದಕ್ಕೂ ನಾನು ತಲೆಯಾಡಿಸಿ ಬಂದೆ.

ಶೆಡ್ಡಿಗೆ ಬಂದವಳೇ ಅಲ್ಲಿಯ ನಮ್ಮ ಮೇಸ್ತ್ರಿಗೆ ಹೇಳಿ ಅದೇ ಅಳತೆಯ ಒಂದು ಗೂಡು ಕೊರೆಸಿದೆ. ಅದೇ ಜಾಲರಿ, ಅದೇ ಕೋಟು, ಅದೇ ಬಣ್ಣ. ಒಣಗಲು ಬಿಟ್ಟು, ಅಂಗಳದಲ್ಲಿ ಇಟ್ಟು, ಹಣತೆ ಹಚ್ಚಿದೆ. ಮನಸ್ಸಿನಲ್ಲಿ ಇದ್ದದ್ದು ಒಂದೇ ಆಸೆ. ಏನೂ ಆಗದೇ ಇರಲಿ, ನನ್ನ ಬಾಯಿ ಮುಚ್ಚಿಕೊಂಡೇ ಇರಲಿ. ಚಿಕ್ಕ ಬತ್ತಿಗೆ ಗೂಡು ತಡೆದುಕೊಂಡಿತು. ಒತ್ತಿದರೆ ನೆತ್ತಿ ಆ ಮನೆಯದರ ಹಾಗೇ ಬಗ್ಗಿತು, ಆದರೆ ಬೆಂಕಿ ಹತ್ತಲಿಲ್ಲ. "ನೋಡಿ ಮೇಸ್ತ್ರಿ, ಹತ್ಕೊಳ್ಳಲ್ಲ" ಎಂದು ಕುಣಿದಾಡಿದೆ. ಆಮೇಲೆ ಅಜ್ಜಿ ಹೇಳಿದ ದೊಡ್ಡ ಬತ್ತಿ ನೆನಪಾಗಿ, ಎಣ್ಣೆ ತುಂಬಿಸಿ ಮತ್ತೆ ಹಚ್ಚಿಸಿದೆ. ನಾವು ಊಟ ಮುಗಿಸಿ ಬರುವಷ್ಟರಲ್ಲಿ ನೆತ್ತಿಯಲ್ಲಿ ಕೂದಲೆಳೆಯಷ್ಟು ಬಿರುಕು. ನೋಡನೋಡುತ್ತ ಬಿರುಕು ಅಗಲವಾಯಿತು, ಒಳಗಿನ ಬಿಳುಪು ಕುಗ್ಗಿ ಹಿಂದೆ ಸರಿಯಿತು, ಆಮೇಲೆ ಕಪ್ಪು ಹನಿಯೊಂದು ಉರಿಯುತ್ತಲೇ ಹಣತೆಗೆ ಬಿತ್ತು. ಗೂಡಿನ ಬಾಯಿಂದ ದಟ್ಟ ಹೊಗೆ.

ಮೇಸ್ತ್ರಿ ಮರಳು ಎರಚಿ ಆರಿಸಿದ. "ಈ ಸರಕು ಬೆಂಕಿ ಹತ್ಕೊಳ್ಳಕಿಲ್ಲ ಅಂತ ಅಂಗಡಿಯೋನು ಅಂದಿದ್ನಲ್ಲ ಮೇಡಂ?"

"ಅವನು ಅಂದ, ನಾವು ಕೇಳಿದ್ವಿ. ಹಚ್ಚಿ ನೋಡಿದ್ವಾ?" ಎಂದು ರೇಗಿದೆ. ಅವನ ಮೇಲೆ ರೇಗಿ ಏನು ಬಂತು? ಹೊರಗೆ ಥಳುಕು, ಒಳಗೆ ಹುಳುಕು ಎಂದು ಬೇರೆಯವರ ಕೆಲಸಕ್ಕೆ ನಾನೇ ಎಷ್ಟು ಸಲ ಅಂದಿಲ್ಲ.

ಆ ಮಧ್ಯಾಹ್ನ ನಕ್ಷೆಯನ್ನು ಮತ್ತೆ ಬಿಚ್ಚಿದೆ. ಗೂಡನ್ನು ಮಾತ್ರ ಮುಚ್ಚಿಬಿಡೋಣವೆಂದು ಮೊದಲು ಹೊಳೆಯಿತು. ಆದರೆ ಮುಚ್ಚಿದರೂ ಅವರು ಕಂಬದ ಬುಡದಲ್ಲಿ ದೀಪ ಇಡುತ್ತಾರೆ, ಬಾಗಿಲ ಮುಂದೆ ಕರ್ಪೂರ ಹಚ್ಚುತ್ತಾರೆ. ಇಟ್ಟೇ ಇಡುತ್ತಾರೆ, ಅದು ಮನೆ. ಆಗ ಇನ್ನೊಂದು ಸಂಗತಿ ಕಣ್ಣಿಗೆ ಹೊಡೆಯಿತು. ಭಾರ ಹೊರಲಾರದ್ದು ಮೇಲಿನ ಬಾಲ್ಕನಿ ಮಾತ್ರ. ಬಾಗಿಲ ಬದಿಯ ಕಂಬಗಳು ನಿಂತಿದ್ದುದು ಗಟ್ಟಿ ತಳಪಾಯದ ಮೇಲೆ. ಅಲ್ಲಿ ಇಟ್ಟಿಗೆ ಕಟ್ಟಬಹುದಿತ್ತು, ನಿಜವಾದ ಕಲ್ಲನ್ನೇ ನಿಲ್ಲಿಸಬಹುದಿತ್ತು. ಶೆಡ್ಡಿನಲ್ಲಿ ಥರ್ಮಾಕೋಲ್ ಇತ್ತು, ನನಗೆ ಅದು ಸಲೀಸು, ಅದಕ್ಕೇ ಕೆಳಗಿನಿಂದ ಮೇಲಿನವರೆಗೂ ಅದನ್ನೇ ಮೆತ್ತಿದ್ದೆ. ಬೇಡದ ಕಡೆ ಹಗುರ ಮಾಡಿದ್ದೆ. ನಾಚಿಕೆ ಅನ್ನುವುದು ನನಗೆ ನಿಜವಾಗಿ ಬಂದದ್ದು ಆಗ.

ಬಾಗಿಲಿನ ಸುತ್ತ ಕೈಗೆಟಕುವಷ್ಟು ಜಾಗದಲ್ಲಿ ಇರುವುದೆಲ್ಲ ಕಿತ್ತು ಹಾಕುವುದೆಂದು ತೀರ್ಮಾನಿಸಿದೆ. ಬಾಗಿಲಿನ ಮೇಲಿನ ಕಮಲದ ಅಂಚೂ ಹೋಗಬೇಕು. ಕಂಬಗಳನ್ನು ಇಟ್ಟಿಗೆಯಲ್ಲಿ ಕಟ್ಟಿ, ಗೂಡಿನ ಒಳಗೆ ಐದು ಕಡೆಗೂ ಕಲ್ಲಿನ ಚಪ್ಪಡಿ. ಕಂಬದ ನೆತ್ತಿಯ ಮೇಲೆ ಮುಂದಕ್ಕೆ ಚಾಚಿದ ಒಂದು ಕಲ್ಲು, ಅದರ ಮೇಲೆ ಬೆಂಕಿ ಹತ್ತದ ಕಲ್ಲುನಾರಿನ ರಾಕ್‌ವೂಲ್ ಪಟ್ಟಿ, ಅದಕ್ಕೂ ಮೇಲೆ ದೂರದಲ್ಲಿ ಉಳಿದ ಹಗುರದ ಕೆಲಸ. ಖರ್ಚು ನನ್ನದೇ.

ಯಜಮಾನರಿಗೆ ಬ್ಯಾರನ್ ಮುಂದೆ ನಿಂತು ಹೇಳಿದೆ. ಸುಟ್ಟ ಗೂಡನ್ನೇ ಹೊತ್ತುಕೊಂಡು ಹೋಗಿದ್ದೆ. ಅವರು ಅದನ್ನು ನೋಡಿದರು, ಒಲೆಯನ್ನು ನೋಡಿದರು. ಒಲೆಯೊಳಕ್ಕೆ ಒಂದು ಕೊರಡು ತಳ್ಳಿದರು.

"ಬೀಗರಿಗೆ ಕೋಟೆ ಕಲ್ಲು ಅಂತ ಯೋಳ್ಬುಟ್ಟಿವ್ನಲ್ಲ ಮೇಡಂ" ಅಂದರು ಕೊನೆಗೆ. "ಈಗ ಊರ ಮುಂದೆ ಕೀಳುದ್ರೆ?"

"ಕೀಳದೆ ಇದ್ರೆ ನಿಮ್ಮ ಮಗಳು ಅದರ ಮುಂದೆ ದೀಪ ಹಿಡ್ಕೊಂಡು ನಿಲ್ತಾಳೆ ಅಣ್ಣ."

ಅವರು ಮುಖ ಆ ಕಡೆ ತಿರುಗಿಸಿ, "ಕೀಳಿ" ಅಂದರು.

ಕೀಳುವುದು ಗುಟ್ಟಾಗಿ ಆಗುವ ಕೆಲಸವಲ್ಲ. ಗರಗಸ ಇಟ್ಟ ಕೂಡಲೇ ಬಿಳಿ ಕಾಳುಗಳು ಹಾರಿದವು. ಅಂಗಳ, ಕೊಟ್ಟಿಗೆ, ಪಕ್ಕದವರ ರಾಗಿ ಕಣ, ಎಲ್ಲೆಲ್ಲೂ ಅವೇ. ಗುಡಿಸಿದರೆ ಪೊರಕೆಗೇ ಅಂಟುತ್ತವೆ, ನೀರು ಹಾಕಿದರೆ ತೇಲುತ್ತವೆ. ಎಮ್ಮೆಯ ಮೂತಿಯಲ್ಲೂ ಬಿಳಿ ಕಾಳು. ನನ್ನ ಗ್ರಹಚಾರಕ್ಕೆ ಅದೇ ದಿನ ಬೀಗರು ಮದುವೆಯ ಮಾತಿಗೆಂದು ಕಾರಿನಿಂದ ಇಳಿದರು. ಅವರ ಅಚ್ಚ ಬಿಳಿ ಪಂಚೆಯ ಮೇಲೆ ಕಾಳು ಕಾಣಿಸಲಿಲ್ಲ, ಆದರೆ ಕರಿಯ ಮೀಸೆಯ ಮೇಲೆ ಚೆನ್ನಾಗಿ ಕಂಡವು.

ಅವರು ಒಂದು ತುಂಡನ್ನು ಎತ್ತಿ, ಮುರಿದು, ಉದುರಿಸಿ ನೋಡಿದರು. "ಏನ್ ಬೀಗ್ರೇ, ಕೋಟೆ ಕಲ್ಲೊಳಗೆ ಕಡ್ಲೆಪುರಿ ತುಂಬವ್ರಾ?"

ಆಳುಗಳೂ ನಕ್ಕರು. ಯಜಮಾನರ ಮುಖ ಕೆಂಪಗಾಯಿತು. ನೆಲ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಮುಂದೆ ಬಂದು, "ಕಲ್ಲು ಅಂತ ಅವರಿಗೆ ಅನ್ನಿಸೋ ಹಾಗೆ ಮಾತಾಡಿದ್ದು ನಾನು ಸಾರ್. ದೀಪ ಇಟ್ರೆ ಹತ್ಕೊಳ್ಳೋ ಕೆಲಸ ಮಾಡಿದ್ದೆ. ಅದನ್ನೇ ಕೀಳ್ತಾ ಇದ್ದೀನಿ" ಅಂದೆ. ಬೀಗರ ನಗು ನಿಂತಿತು. ಅವರು ಸೊಸೆಯಾಗುವ ಹುಡುಗಿ ನಿಂತಿದ್ದ ಕಡೆ ಒಮ್ಮೆ ನೋಡಿ ಒಳಗೆ ಹೋದರು. ಯಜಮಾನರು ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟರು. ಏನಿದ್ದರೂ ಮೇಸ್ತ್ರಿಯ ಮೂಲಕ.

ಕಟ್ಟುವಾಗ ಇನ್ನೊಂದು ಪಾಡು ಕಾದಿತ್ತು. ಎಚ್.ಡಿ. ಕೋಟೆಯ ಕಡೆಯಿಂದ ಕಲ್ಲಿನ ಚಪ್ಪಡಿ ತರಿಸಿ ಗೂಡಿಗೆ ಕೂರಿಸಿದ ಕೂಡಲೇ, ಮೇಲಿದ್ದ ನನ್ನ ಕಲ್ಲೆಲ್ಲ ಪೌಡರ್ ಬಳಿದ ಮುಖದಂತಾಯಿತು. ಪಕ್ಕದಲ್ಲಿ ನಿಜ ಬಂದು ನಿಲ್ಲುವವರೆಗೆ ನನಗದು ಗೊತ್ತಾಗಿರಲಿಲ್ಲ. ಮಳೆಯಲ್ಲಿ ನೆನೆದಾಗ, ಒಣಗಿದಾಗ, ಬೆಳಗಿನ ಬಿಸಿಲಿನಲ್ಲಿ ಕಲ್ಲಿನ ಬಣ್ಣ ಬೇರೆ ಬೇರೆ. ಎಷ್ಟು ಕಲಸಿದರೂ ಹೊಂದಲಿಲ್ಲ. ಕಡೆಗೆ ಹೊಂದಿಸುವ ಆಸೆಯನ್ನೇ ಬಿಟ್ಟು, ಮೇಲಿನದನ್ನೆಲ್ಲ ಸಾದಾ ಸುಣ್ಣದ ಬಣ್ಣಕ್ಕೆ ತಿರುಗಿಸಿದೆ. ಕಲ್ಲಾದದ್ದು ಕಲ್ಲಾಗಿ, ಅಲ್ಲದ್ದು ಗಾರೆಯಾಗಿ ನಿಂತಿತು. ಬಾಗಿಲಿನ ಮೇಲೆ ಬೋಳು. ಈ ಸಲ ಮಸಿ ಬಳಿಸಲಿಲ್ಲ. ಗಾರೆಯ ಹಸಿ ಆರುವುದಕ್ಕೂ ಗೃಹಪ್ರವೇಶಕ್ಕೂ ಸರಿಹೋಯಿತು.

ನನಗೆ ಹೋಗುವ ಮನಸ್ಸಿರಲಿಲ್ಲ. ಅಜ್ಜಿ ಮೇಸ್ತ್ರಿಯ ಹತ್ತಿರ ಹೇಳಿಕಳಿಸಿದ್ದರು: "ಆ ಎಣ್ಮಗ ಬರ್ಲೇಬೇಕು ಅಂತ ಯೋಳು." ಹೋಗಿ ಶಾಮಿಯಾನದ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ನಿಂತೆ. ಹೋಮ ಮುಗಿಯಿತು. ಗಾರೆಯವರು, ಬಡಗಿ, ಕಂಬಿ ಕಟ್ಟುವ ಬಾರ್ ಬೆಂಡಿಂಗ್‌ನವನು, ಒಬ್ಬೊಬ್ಬರನ್ನೇ ಕರೆದು ಪಂಚೆ, ತಾಂಬೂಲ ಕೊಟ್ಟು ಕೈ ಮುಗಿದರು. ಇದು ನಮ್ಮ ಕಡೆ ತಪ್ಪದ ಮರ್ಯಾದೆ. ಯಜಮಾನರು ನನ್ನನ್ನು ಕರೆಯಲಿಲ್ಲ. ಕರೆಯದಿದ್ದದ್ದು ಒಳ್ಳೆಯದೇ ಆಯಿತು ಅಂದುಕೊಂಡೆ, ಆದರೂ ಒಬ್ಬೊಬ್ಬರನ್ನು ಕರೆದಾಗಲೂ ಕತ್ತೆತ್ತಿ ನೋಡಿದೆ.

ಅಷ್ಟರಲ್ಲಿ ಅಜ್ಜಿಯ ದನಿ. "ಎಲಿವೇಸನ್ ಮಾಡ್ದೋಳು ಎಲ್ಲವ್ಳೆ? ಬಾ ಮಗ ಇಲ್ಲಿ."

ಜನ ದಾರಿ ಬಿಟ್ಟರು. ಅವರ ಕೈಯಲ್ಲಿ ತಾಂಬೂಲದ ತಟ್ಟೆಯಿರಲಿಲ್ಲ. ಎಣ್ಣೆ ತುಂಬಿದ ದೊಡ್ಡ ಹಣತೆ ಇತ್ತು, ಹೆಬ್ಬೆರಳಿನಷ್ಟು ದಪ್ಪದ ಬತ್ತಿ. ಎಡಗಡೆಯ ಗೂಡಿನಲ್ಲಿ ಅದನ್ನು ಇಟ್ಟು, ಬೆಂಕಿಪೊಟ್ಟಣ ನನ್ನ ಕೈಗೆ ಕೊಟ್ಟರು. "ಅಚ್ಚು."

ಹೊಸ ಗೂಡಿನ ಮೊದಲ ದೀಪ ನನ್ನ ಕೈಯಲ್ಲಿ! ಕ್ಷಮಿಸಿದರು ಅಂದುಕೊಂಡೆ. ಕಣ್ಣು ತುಂಬಿ ಬಂತು. ಹಚ್ಚಿ, ಕೈ ಮುಗಿದು, ಹಿಂದೆ ಸರಿಯಲು ಹೋದೆ. ಅಜ್ಜಿ ಮಣೆಯೊಂದನ್ನು ಗೂಡಿನ ಕೆಳಗೆ ಕಾಲಿನಿಂದಲೇ ತಳ್ಳಿದರು.

"ಎಲ್ಗೋದಿಯೆ? ಬೆಂಕಿ ಆಕ್ದೋರು ಎದ್ದೋಗಂಗಿಲ್ಲ. ಎಣ್ಣೆ ತೀರೋಗಂಟ ಇಲ್ಲೇ ಕುಂತಿರು."

ಕೂತೆ. ಬಂದವರೆಲ್ಲ ನನ್ನನ್ನು ದಾಟಿಕೊಂಡೇ ಒಳಗೆ ಹೋಗಬೇಕು. "ಇವ್ರ್ಯಾರು, ಇಲ್ಯಾಕೆ ಕುಂತವ್ರೆ?" ಎಂದು ಒಬ್ಬರು, "ಅರಕೆ ಇರ್ಬೇಕು ಕಣ್ಲಾ" ಎಂದು ಇನ್ನೊಬ್ಬರು. ಬೀಗರು ಬಂದು, ಗೂಡು ನೋಡಿ, ನನ್ನನ್ನು ನೋಡಿ, ಬೆರಳ ಗೆಣ್ಣಿನಿಂದ ಕಂಬವನ್ನು ಕುಟ್ಟಿ ನೋಡಿದರು. ಒಳಗೆ ಹೋದರು. ಮೊದಲ ಪಂಕ್ತಿ ಊಟ ಮುಗಿಸಿ ಎದ್ದಿತು, ಎರಡನೆಯದೂ ಎದ್ದಿತು. ನಾನು ಆಗಾಗ ಎದ್ದು ಗೂಡಿನ ನೆತ್ತಿ ಮುಟ್ಟುತ್ತಿದ್ದೆ, ಅದರ ಮೇಲಿನ ಕಲ್ಲು ಮುಟ್ಟುತ್ತಿದ್ದೆ. ಗೂಡಿನ ನೆತ್ತಿ ಕಾದಿತ್ತು, ಮೇಲಿನ ಕಲ್ಲು ತಣ್ಣಗಿತ್ತು. ಆದರೂ ಕೂರಲಾಗದೆ ಮತ್ತೆ ಮುಟ್ಟುತ್ತಿದ್ದೆ. ಯಜಮಾನರು ಬಡಿಸುವವರ ಜೊತೆ ಓಡಾಡುತ್ತಲೇ ಪ್ರತಿ ಸಲ ಈ ಕಡೆ ಕಣ್ಣು ಹಾಯಿಸುತ್ತಿದ್ದುದು ನನಗೆ ಗೊತ್ತಾಗುತ್ತಿತ್ತು. ಒಂದು ಸಲ ಬಂದು ಒಂದು ಲೋಟ ಮಜ್ಜಿಗೆ ಪಕ್ಕದಲ್ಲಿಟ್ಟು ಹೋದರು.

ಎಣ್ಣೆ ತೀರಿ ಬತ್ತಿ ಚಿಟಪಟ ಅಂದು ಆರಿತು. ಅಜ್ಜಿ ಬಂದರು. ಗೂಡಿನೊಳಗೆ ಬಗ್ಗಿ ನೋಡಿದರು, ನೆತ್ತಿಯ ಹೊಸ ಮಸಿಯನ್ನು ಬೆರಳಿನಲ್ಲಿ ಒರೆಸಿ ನೋಡಿದರು, ಕಂಬವನ್ನು ಬುಡದಿಂದ ಮೇಲಿನವರೆಗೆ ಅಂಗೈಯಿಂದ ಸವರಿದರು. ಆಮೇಲೆ ಒಳಕ್ಕೆ ತಿರುಗಿ ಮೊಮ್ಮಗಳನ್ನು ಕೂಗಿದರು.

"ಈಗ ಬಾರವ್ವ. ಎಣ್ಣೆ ತಂದು ನೀನು ಅಚ್ಚು."

ರೇಷ್ಮೆ ಸೀರೆ ಉಟ್ಟ ಹುಡುಗಿ ಹಣತೆ ಹಿಡಿದು ಹೊಸಿಲು ದಾಟಿ ಬಂದಳು. ಅಲ್ಲಿಯವರೆಗೆ ಅವಳನ್ನು ಆ ಬಾಗಿಲಿನ ಹತ್ತಿರಕ್ಕೂ ಬಿಟ್ಟಿರಲಿಲ್ಲವೆಂಬುದು ಆಗ ಹೊಳೆಯಿತು. ಮೊದಲ ದೀಪ ನನ್ನಿಂದ ಹಚ್ಚಿಸಿದ್ದು ಮರ್ಯಾದೆಗೂ ಅಲ್ಲ, ಕ್ಷಮೆಗೂ ಅಲ್ಲ. ನಾನು ಮಣೆಯಿಂದ ಎದ್ದು, ಅವಳಿಗೆ ಜಾಗ ಬಿಟ್ಟು ನಿಂತೆ.

ಅಜ್ಜಿ ನನ್ನ ಕಡೆ ನೋಡದೆಯೇ ಹೇಳಿದರು: "ನೀನೀಗ ಉಣ್ಣೋಗು ಮಗ. ಕೊನೇ ಪಂಕ್ತಿ ಕೂರ್ತಾ ಅದೆ."